ನಾಯಿಯ ಸೊಂಟ ಎಲ್ಲಿ ಹೋಯಿತು?

ಪಶುವೈದ್ಯರು ಕೇಳುವ ಪ್ರಶ್ನೆಗಳಲ್ಲಿ ತೀರ ಸರಳವಾದದ್ದು 'ನಾಯಿಗೆ ದಿನಕ್ಕೆ ಏನೇನು ಹಾಕ್ತೀರಿ?' ಎಂಬುದು. ಸರಿಯಾದ ಉತ್ತರ ಸಿಗದಿರುವುದೂ ಆ ಪ್ರಶ್ನೆಗೇ. 'ಏನೂ ಇಲ್ಲ ಡಾಕ್ಟ್ರೇ, ಎರಡು ಹೊತ್ತು ಒಂದೊಂದು ಹಿಡಿ ಮೊಸರನ್ನ ಅಷ್ಟೆ. ಅದನ್ನೂ ಸರಿಯಾಗಿ ತಿನ್ನಲ್ಲ' ಎಂದು ಮನೆಯಾಕೆ ಹೇಳುತ್ತಿರುವಾಗಲೇ ಪಕ್ಕದಲ್ಲಿ ತೂಕದ ಯಂತ್ರದ ಮೇಲೆ ನಿಂತ ಲ್ಯಾಬ್ರಡಾರ್ ನಾಯಿ 40 ಕಿಲೋ ತೋರಿಸುತ್ತಿರುತ್ತದೆ. ಅದರ ಎತ್ತರಕ್ಕೆ, ಮೂಳೆಗಟ್ಟಿಗೆ 30 ಕಿಲೋ ಇದ್ದರೆ ಸಾಕಿತ್ತು. ಹಾಗೆಂದು ಆಕೆ ಸುಳ್ಳು ಹೇಳುತ್ತಿದ್ದಾರೆ ಎನ್ನುವಂತಿಲ್ಲ. ಆಕೆ ಹಾಕುವುದು ಅಷ್ಟೇ. ಉಳಿದದ್ದನ್ನು ಹಾಕುವವರು ಬೇರೆ!

ಇಂಥ ಮನೆ ಯಾವ ಊರಿನದಾದರೂ ಆಗಬಹುದು. ಬೆಳಗ್ಗೆ ಹಾಲು ತರಲು ಹೊರಡುವ ಯಜಮಾನರು ಕಾಫಿಯ ಜೊತೆಗಿನ ಬಿಸ್ಕತ್ತಿನಲ್ಲಿ ಎರಡನ್ನು ನಾಯಿಗೆ ಕೊಡುತ್ತಾರೆ. ಕಾವಲಿಗೆ ಅಂಟಿಕೊಂಡು ಹರಿದುಹೋದ ಮೊದಲ ದೋಸೆ ಅಜ್ಜಿಯ ಕೈಯಿಂದ ನೇರವಾಗಿ ಹಿತ್ತಿಲ ಬಾಗಿಲಿಗೆ. ಶಾಲೆಯಿಂದ ಬಂದ ಮಗಳ ಟಿಫಿನ್ ಡಬ್ಬಿಯಲ್ಲಿ ಚಪಾತಿ ಉಳಿದಿದ್ದರೆ ಅಮ್ಮ ನೋಡುವುದರೊಳಗೆ ಅದು ಮಾಯವಾಗಬೇಕು; ಮಾಯ ಮಾಡಲು ನಾಯಿಗಿಂತ ನಂಬಿಕಸ್ಥರು ಯಾರಿದ್ದಾರೆ? ಮಗ ಕ್ರಿಕೆಟ್ ನೋಡುತ್ತ ಚಿಪ್ಸ್ ತಿನ್ನುವಾಗ ಪ್ರತಿ ಬೌಂಡರಿಗೆ ಒಂದು ತುಂಡು ಕೆಳಕ್ಕೆ ಬೀಳುತ್ತದೆ. ಭಾನುವಾರ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಮೂಳೆ ಎಸೆಯುತ್ತಾರೆ. ಪ್ರತಿಯೊಬ್ಬರೂ ಕೊಡುವುದು 'ಒಂದೇ ಒಂದು ಚೂರು'. ಎಲ್ಲ ಚೂರುಗಳೂ ಸೇರುವ ಜಾಗ ಮಾತ್ರ ಒಂದೇ.

ಈ ಚೂರುಗಳ ಲೆಕ್ಕವನ್ನು ಹೈಸ್ಕೂಲಿನ ಹುಡುಗರೇ ಮಾಡಬಹುದು. ನಾಯಿ ಎಷ್ಟು ಕಿಲೋ ಇರಬೇಕೋ ಆ ಸಂಖ್ಯೆಯ ಘನವನ್ನು ಕಂಡುಹಿಡಿಯಿರಿ. ಅದರ ವರ್ಗಮೂಲ, ಮತ್ತೆ ಅದರದೂ ವರ್ಗಮೂಲ ತೆಗೆಯಿರಿ. ಬಂದದ್ದನ್ನು 70ರಿಂದ ಗುಣಿಸಿ. ನಾಯಿ ಸುಮ್ಮನೆ ಬಿದ್ದುಕೊಂಡಿದ್ದರೂ ದಿನವೊಂದಕ್ಕೆ ಅದರ ದೇಹ ಬಳಸುವ ಕ್ಯಾಲೊರಿ ಅದು. ತೂಕ ಇಳಿಸಬೇಕಾದ ನಾಯಿಗೆ ವೈದ್ಯರು ಸಾಮಾನ್ಯವಾಗಿ ಲೆಕ್ಕ ಶುರು ಮಾಡುವುದೂ ಅಲ್ಲಿಂದಲೇ. 30 ಕಿಲೋಗೆ ಅದು ಸುಮಾರು 900 ಬರುತ್ತದೆ. 50 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 225 ಕ್ಯಾಲೊರಿ ಇರುತ್ತದೆ. ಅಂದರೆ ಒಂದು ಸಣ್ಣ ಪೊಟ್ಟಣ ಖಾಲಿಯಾದರೆ ದೊಡ್ಡ ನಾಯಿಯ ದಿನದ ಪಾಲಿನಲ್ಲಿ ಕಾಲುಭಾಗ ಮುಗಿಯಿತು. ಅದೇ ಪೊಟ್ಟಣವನ್ನು 8 ಕಿಲೋದ ಪಗ್ ನಾಯಿ ತಿಂದರೆ? ಅದರ ಲೆಕ್ಕ ಸುಮಾರು 333. ಮೂರರಲ್ಲಿ ಎರಡು ಭಾಗ ಹೋಯಿತು! ಅನ್ನದ ಬಟ್ಟಲು ಇನ್ನೂ ಹಾಗೇ ಇದೆ.

ತಿಂದರೆ ತಿನ್ನಲಿ, ಗುಂಡಗೆ ಮುದ್ದಾಗಿ ಇರುತ್ತದಲ್ಲ, ಅದರಿಂದ ನಷ್ಟವೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದಲ್ಲಿ 14 ವರ್ಷ ಹಿಡಿಯಿತು. ಒಂದೇ ತಾಯಿಯ ಮರಿಗಳನ್ನು ಜೋಡಿ ಮಾಡಿ ಒಟ್ಟು 48 ಲ್ಯಾಬ್ರಡಾರ್‌ಗಳನ್ನು ಸಾಕಿದರು. ಜೋಡಿಯಲ್ಲಿ ಒಂದು ತಿಂದದ್ದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರವನ್ನು ಇನ್ನೊಂದಕ್ಕೆ ಬದುಕಿರುವವರೆಗೂ ಹಾಕಿದರು. 2002ರಲ್ಲಿ ಫಲಿತಾಂಶ ಹೊರಬಂತು. ಹೆಚ್ಚು ತಿಂದ ಗುಂಪಿನ ಆಯುಸ್ಸಿನ ಮಧ್ಯಾಂಕ 11.2 ವರ್ಷ, ಕಡಿಮೆ ತಿಂದವುಗಳದು 13 ವರ್ಷ. ಕೀಲುನೋವಿಗೆ ಔಷಧ ಬೇಕಾದದ್ದೂ ಕಡಿಮೆ ತಿಂದವುಗಳಿಗೆ ಸುಮಾರು ಮೂರು ವರ್ಷ ತಡವಾಗಿ. ಹೆಚ್ಚು ತಿಂದ ನಾಯಿಗಳು ನೆಲಕ್ಕೆ ಹೊಟ್ಟೆ ತಾಗುವಷ್ಟು ಡೊಳ್ಳಾಗಿದ್ದವೇ ಎಂದರೆ ಅದೂ ಇಲ್ಲ. ನಮ್ಮ ಬೀದಿಗಳಲ್ಲಿ ವಾಕಿಂಗ್ ಬರುವ ಎಷ್ಟೋ ನಾಯಿಗಳಂತೆ ತುಸು ದಪ್ಪ, ಅಷ್ಟೆ. ಅಂದಹಾಗೆ ಈ ಪ್ರಯೋಗ ನಡೆಸಿದ್ದು ನಾಯಿಯ ಆಹಾರವನ್ನೇ ಮಾರುವ ಪ್ಯೂರಿನಾ ಕಂಪನಿ. ಕಡಿಮೆ ಹಾಕಿ ಎಂದು ಅಂಗಡಿಯವನೇ ಹೇಳಿದಂತಾಯಿತು!

ಎರಡು ವರ್ಷಕ್ಕೂ ಕಡಿಮೆ ಅಂತರ ದೊಡ್ಡದೇನೂ ಅಲ್ಲ ಎನಿಸಬಹುದು. ಶಾಲೆಯ ಲೆಕ್ಕದಲ್ಲಿ ನೋಡಿದರೆ ಬೇರೆಯೇ ಕಾಣುತ್ತದೆ. ಮಗು ಒಂದನೇ ತರಗತಿಗೆ ಸೇರಿದ ಜೂನ್ ತಿಂಗಳಲ್ಲಿ ಮರಿಯೊಂದು ಮನೆಗೆ ಬಂತು ಎಂದುಕೊಳ್ಳೋಣ. 11.2 ವರ್ಷ ಎಂದರೆ ಆ ಮಗು ದ್ವಿತೀಯ ಪಿಯುಸಿಗೆ ಕಾಲಿಟ್ಟು ಎರಡು ತಿಂಗಳು. ಟ್ಯೂಷನ್ನು, ಸಿಇಟಿ ಎಂದು ಮನೆಯೆಲ್ಲ ಉಸಿರು ಬಿಗಿಹಿಡಿದಿರುವ ಕಾಲ. 13 ವರ್ಷ ಎಂದರೆ ಅದೇ ಮಗು ಪರೀಕ್ಷೆ ಮುಗಿಸಿ, ಕಾಲೇಜು ಸೇರಿ, ಮೊದಲ ವರ್ಷ ಕಳೆದು ರಜೆಗೆ ಮನೆಗೆ ಬಂದಿರುತ್ತದೆ. ಗೇಟಿನ ಸದ್ದಿಗೆ ಎದ್ದು ಬರುವ ನಾಯಿ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ಅಂತರ ಅದು.

ದಪ್ಪಗಾಗುತ್ತಿರುವುದು ಮನೆಯವರ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ವಿಚಿತ್ರ. ದಿನವೂ ನೋಡುವ ಮುಖ, ದಿನವೂ ನೋಡುವ ಹೊಟ್ಟೆ. ಮೇಲಾಗಿ ಕೂದಲು ಬೇರೆ ಮುಚ್ಚಿರುತ್ತದೆ. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬುವುದು ಒಳ್ಳೆಯದು. ನಿಮ್ಮ ಎಡಗೈಯನ್ನು ಚಾಚಿ, ಅದರ ಹಿಂಬದಿಯ ಮೇಲೆ ಬಲಗೈ ಬೆರಳುಗಳನ್ನು ಆಡಿಸಿ. ಮೂಳೆಗಳು ಕಾಣದಿದ್ದರೂ ತೆಳುವಾದ ಚರ್ಮದ ಕೆಳಗೆ ಒಂದೊಂದಾಗಿ ಸಿಗುತ್ತವೆ. ನಾಯಿಯ ಪಕ್ಕೆಲುಬು ಮುಟ್ಟಿದಾಗ ಹಾಗಿರಬೇಕು. ಕೈ ಮುಷ್ಟಿ ಮಾಡಿದಾಗ ಎದ್ದು ನಿಲ್ಲುವ ಗೆಣ್ಣುಗಳಂತೆ ಸಿಕ್ಕರೆ ನಾಯಿ ಬಡಕಲಾಗಿದೆ. ಅಂಗೈಯ ದಪ್ಪ ಭಾಗವನ್ನು ಒತ್ತಿದಂತೆ ಇದ್ದರೆ ಬೊಜ್ಜು ಬಂದಿದೆ. ಇನ್ನೊಂದು ಪರೀಕ್ಷೆ, ಮೇಲಿನಿಂದ ನೋಡುವುದು: ಪಕ್ಕೆಗಳು ಮುಗಿದ ಮೇಲೆ ಸೊಂಟ ಒಳಕ್ಕೆ ಸರಿದಿರಬೇಕು. ವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. 4 ಅಥವಾ 5 ಬಂದರೆ ಉತ್ತಮ. ಹೆಚ್ಚು ಅಂಕ ಬಂದರೆ ಬೈಸಿಕೊಳ್ಳಬೇಕಾದ ಅಪರೂಪದ ಪರೀಕ್ಷೆ ಇದು.

ಸೊಂಟ ಎಂದರೇನೆಂದು ನೋಡಬೇಕಾದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೋಡಬೇಕು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೇ ತಂದಿತು. ಇಳಿಬಿದ್ದ ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಓಡುವುದಕ್ಕೆಂದೇ ಆದ ಮೈಕಟ್ಟು ಅದು. ಆದರೆ ಅದನ್ನು ಸಾಕಿದವರು 'ಪಾಪ, ಅದಕ್ಕೆ ಅನ್ನ ಹಾಕಲ್ವೇನ್ರೀ?' ಎಂಬ ಮಾತನ್ನು ದಾರಿಯುದ್ದಕ್ಕೂ ಕೇಳಬೇಕಾಗುತ್ತದೆ. ದಪ್ಪವಿದ್ದರೇ ಸುಖವಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಮಕ್ಕಳ ಕೆನ್ನೆಯ ವಿಷಯದಲ್ಲೂ ಅಜ್ಜಿಯಂದಿರದು ಇದೇ ವಾದ, ಇರಲಿ.

ಈಗ ಹೃದಯದ ಮಾತು. ಬೊಜ್ಜು, ಹೃದಯ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ರಕ್ತನಾಳದಲ್ಲಿ ಕಟ್ಟಿಕೊಳ್ಳುವ ಕೊಬ್ಬು, ಹಾರ್ಟ್ ಅಟ್ಯಾಕು. ನಾಯಿಯ ವಿಷಯದಲ್ಲಿ ಇದು ಸಾಮಾನ್ಯವಾಗಿ ನಿಜವಲ್ಲ. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಳ್ಳುವುದನ್ನು ತೋರಿಸಿದರು. ಆದರೆ ನಾಯಿ ಜಗ್ಗಲಿಲ್ಲ. 1946ರಲ್ಲಿ ಅಮೆರಿಕದ ಸ್ಟೈನರ್ ಮತ್ತು ಕೆಂಡಲ್ ನಾಯಿಯಲ್ಲಿ ಅದನ್ನು ಉಂಟುಮಾಡಿ ತೋರಿಸಲು, ಕೊಲೆಸ್ಟರಾಲ್ ಜೊತೆಗೆ ಥೈರಾಯ್ಡ್ ಗ್ರಂಥಿಯನ್ನು ತಡೆಹಿಡಿಯುವ ಔಷಧವನ್ನೂ ಕೊಡಬೇಕಾಯಿತು. ನಾಯಿಯ ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಕಣಗಳಲ್ಲಿ ಹೆಚ್ಚಿನವು ನಾವು 'ಒಳ್ಳೆಯ ಕೊಲೆಸ್ಟರಾಲ್' ಎನ್ನುವ ಬಗೆಯವು. ಹಾಗಾಗಿ ಥೈರಾಯ್ಡ್ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಮಾತು ಬೇರೆ. ಇಲ್ಲವಾದರೆ ಮನುಷ್ಯರಿಗಾಗುವಂಥ ಹೃದಯಾಘಾತ ನಾಯಿಗೆ ಅಪರೂಪ.

ಇದನ್ನು ಕೇಳಿ 'ಹಾಗಾದರೆ ತುಪ್ಪ ಹಾಕಬಹುದಲ್ಲ' ಎಂದು ಏಳಬೇಡಿ! ನಾಯಿಗೆ ತುಪ್ಪ ದಕ್ಕದು ಎಂದು ಹಿರಿಯರು ಬೇರೆ ಅರ್ಥದಲ್ಲಿ ಆಡಿಕೊಂಡ ಮಾತಿನಲ್ಲಿ ವೈದ್ಯಶಾಸ್ತ್ರವೂ ಸ್ವಲ್ಪ ಅಡಗಿದೆ. ಜಿಡ್ಡಿನ ಊಟದ ಮರುದಿನ ವಾಂತಿ, ಹೊಟ್ಟೆನೋವಿನಿಂದ ಮುದುಡಿ ಮಲಗುವ ನಾಯಿಗಳು ಬೇಕಾದಷ್ಟಿವೆ. ಅದು ಮೇದೋಜ್ಜೀರಕ ಗ್ರಂಥಿಯ ಉರಿಯೂತವಾಗಿದ್ದರೆ ಪ್ರಾಣಕ್ಕೇ ಸಂಚಕಾರ.

ಹೃದಯಕ್ಕೆ ತೊಂದರೆಯಾಗುವುದು ಬೇರೆ ದಾರಿಯಲ್ಲಿ. ನಾಯಿಗಳ ಹೃದ್ರೋಗಗಳಲ್ಲಿ ಮುಕ್ಕಾಲು ಪಾಲು ಕವಾಟದ್ದು. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ ದ್ವಿದಳ ಕವಾಟ ಇದೆಯೆಂದು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೀರಲ್ಲ? ನಾಯಿಗೂ ಅದೇ ಇದೆ. ವಯಸ್ಸಾದಂತೆ ಆ ಕವಾಟದ ಎಸಳುಗಳು ದಪ್ಪವಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹಳೆಯ ಬೋರ್‌ವೆಲ್ ಪಂಪಿನ ವಾಷರು ಸವೆದರೆ ಹೊಡೆದ ನೀರಿನಲ್ಲಿ ಸ್ವಲ್ಪ ಹಿಂದಕ್ಕೇ ಜಾರುತ್ತದಲ್ಲ, ಹಾಗೆ ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಹಿಂದಕ್ಕೆ ನುಗ್ಗುತ್ತದೆ. ಸ್ಟೆತೊಸ್ಕೋಪಿನಲ್ಲಿ 'ಲಬ್‌-ಡಬ್‌' ನಡುವೆ ಕೇಳುವ 'ಶ್' ಎಂಬ ಸದ್ದು ಅದೇ. ಸಣ್ಣ ತಳಿಗಳಲ್ಲಿ ಇದು ಹೆಚ್ಚು: ಪಾಮೇರಿಯನ್, ಡ್ಯಾಶ್‌ಹಂಡ್ ಮುಂತಾದವು. (ನಮ್ಮ ಊರುಗಳಲ್ಲಿ ಪಾಮೇರಿಯನ್ ಎಂದು ಕರೆಸಿಕೊಂಡ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬುದು ಬೇರೆ ಕಥೆ.) ಡಾಬರ್‌ಮನ್‌, ಗ್ರೇಟ್‌ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಕವಾಟಕ್ಕಿಂತ ಹೃದಯದ ಸ್ನಾಯುವೇ ಸೋಲುವುದು ಹೆಚ್ಚು.

ಬೊಜ್ಜು ಈ ಕವಾಟವನ್ನು ಕೆಡಿಸುತ್ತದೆಯೇ? ಇಲ್ಲ. ಅದು ಹುಟ್ಟಿನಿಂದ, ತಳಿಯಿಂದ ಬರುವ ದೌರ್ಬಲ್ಯ. ಆದರೆ ಸೋರುವ ಪಂಪಿಗೆ ಇನ್ನೊಂದು ಎಕರೆಯ ಹೊಣೆ ಹೊರಿಸಿದರೆ ಏನಾಗುತ್ತದೆ? ಮೈಗೆ ಸೇರಿದ ಪ್ರತಿ ಕಿಲೋ ಕೊಬ್ಬಿಗೂ ರಕ್ತ ಹರಿಯಬೇಕು. ಬೊಜ್ಜಿನ ನಾಯಿಗಳಲ್ಲಿ ರಕ್ತದೊತ್ತಡ ತುಸು ಏರುವುದು, ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುವುದು, ಬಡಿತಗಳ ನಡುವೆ ಅದು ಸರಿಯಾಗಿ ಸಡಿಲಗೊಳ್ಳದಿರುವುದು ಇವೆಲ್ಲ ಸ್ಕ್ಯಾನಿಂಗ್‌ನಲ್ಲಿ ಕಂಡಿವೆ. ಸಮಾಧಾನದ ಸಂಗತಿಯೆಂದರೆ, ತೂಕ ಇಳಿದ ನಾಯಿಗಳಲ್ಲಿ ಈ ಬದಲಾವಣೆಗಳು ಒಂದಿಷ್ಟು ಹಿಂದಕ್ಕೂ ಸರಿದಿವೆ. ಇನ್ನು ಎದೆಗೂಡಿನ ಸುತ್ತ, ಹೊಟ್ಟೆಯೊಳಗೆ ತುಂಬಿದ ಕೊಬ್ಬು ವಪೆಯನ್ನು ಒತ್ತುವುದರಿಂದ ಶ್ವಾಸಕೋಶ ಅರಳಲು ಜಾಗವೇ ಕಡಿಮೆ. ದಪ್ಪಗಿನ ಪುಟ್ಟ ನಾಯಿ ಕೆಮ್ಮಿದರೆ ಅದು ಹೃದಯದ ಕೆಮ್ಮೋ ಅಥವಾ ಕುಸಿದ ಶ್ವಾಸನಾಳದ ಕೆಮ್ಮೋ ಎಂದು ವೈದ್ಯರೇ ತಲೆ ಕೆರೆದುಕೊಳ್ಳುವಂತಾಗುತ್ತದೆ. ಬೊಜ್ಜಿನ ಪದರದ ಮೂಲಕ ಎದೆಯ ಸದ್ದು ಕೇಳುವುದೂ ಕಷ್ಟ.

ಇಷ್ಟೆಲ್ಲ ತಿಳಿದರೂ ಊಟದ ಮೇಜಿನ ಪಕ್ಕದಲ್ಲಿ ಕೂತು ನೋಡುವ ಆ ಎರಡು ಕಣ್ಣುಗಳಿವೆಯಲ್ಲ! ಅದು ಬರೀ ನಾಟಕ ಎನ್ನುವವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸವನ್ನು ತಿಳಿಯಬೇಕು. ಹೊಟ್ಟೆ ತುಂಬಿತೆಂದು ಮೆದುಳಿಗೆ ಹೇಳುವ ವ್ಯವಸ್ಥೆಯಲ್ಲಿ 'ಪಿಓಎಂಸಿ' ಎಂಬ ಜೀನ್ ಪಾತ್ರ ವಹಿಸುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗಕ್ಕೆ ಆ ಜೀನಿನ ಒಂದು ತುಣುಕೇ ಕಳೆದುಹೋಗಿದೆ ಎಂದು ಎಲಿನರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ಕಂಡುಹಿಡಿದರು. 2024ರಲ್ಲಿ ಇನ್ನಷ್ಟು ಗೊತ್ತಾಯಿತು. ಬೆಳಗಿನ ತಿಂಡಿಯಾಗಿ ಮೂರು ಗಂಟೆಯ ನಂತರ, ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಸಾಸೇಜು ಮುಚ್ಚಿಟ್ಟರೆ, ಈ ದೋಷವಿರುವ ನಾಯಿಗಳು ಅದಕ್ಕಾಗಿ ಉಳಿದವುಗಳಿಗಿಂತ ಹೆಚ್ಚು ಹೊತ್ತು ಹೆಣಗಿದವು. ಮೇಲಾಗಿ ಅವು ಸುಮ್ಮನಿದ್ದಾಗ ಬಳಸುವ ಶಕ್ತಿಯೂ ಸುಮಾರು ಕಾಲುಭಾಗ ಕಡಿಮೆ. ಹಸಿವು ಹೆಚ್ಚು, ಖರ್ಚು ಕಡಿಮೆ! ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳ ಸ್ಥಿತಿಯೂ ಸ್ವಲ್ಪ ಇಂಥದೇ. ಹಾಗಾಗಿ ಆ ಕಣ್ಣುಗಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಅದಕ್ಕೆ ನಿಜಕ್ಕೂ ಹಸಿವಾಗಿರಬಹುದು. ಅಡಗಿಸಬೇಕಾದದ್ದು ಬಿಸ್ಕತ್ತಿನ ಡಬ್ಬಿಯನ್ನು.

ಮಾತ್ರೆ ಇಲ್ಲವೇ ಎಂದು ಕೇಳುವುದು ಸಹಜ. 2007ರಲ್ಲಿ ಅಮೆರಿಕದಲ್ಲಿ ನಾಯಿಗಳ ಬೊಜ್ಜಿಗೆಂದೇ ಒಂದು ಔಷಧಕ್ಕೆ ಒಪ್ಪಿಗೆ ಸಿಕ್ಕಿತ್ತು. ಈಗ ಅದು ಮಾರುಕಟ್ಟೆಯಲ್ಲಿಲ್ಲ. ಉಳಿದಿರುವುದು ತಟ್ಟೆ ಮತ್ತು ದಾರಿ, ಎರಡೇ.

ತಟ್ಟೆಯ ವಿಷಯದಲ್ಲಿ ಮನೆಮಂದಿ ಮಾಡುವ ತಪ್ಪೆಂದರೆ ಸೋಮವಾರದಿಂದ ಥಟ್ಟನೆ ಅರ್ಧ ಹಾಕುವುದು. ಬರೀ ಅನ್ನ ತಿನ್ನುವ ನಾಯಿಗೆ ಅನ್ನವನ್ನೇ ಅರ್ಧ ಮಾಡಿದರೆ ಪ್ರೋಟೀನ್ ಸಾಲದೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅನ್ನ ಕಡಿಮೆ ಮಾಡಿ, ಬೇಯಿಸಿದ ಮೊಟ್ಟೆಯೋ ಕೋಳಿಯೋ ಉಳಿಸಿಕೊಂಡು, ಹೊಟ್ಟೆ ತುಂಬಲು ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ, ಕ್ಯಾರೆಟ್ ಸೇರಿಸಬಹುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ, ಅವು ನಾಯಿಗೆ ವಿಷ. ವಾರಕ್ಕೆ ಒಟ್ಟು ತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು. 40 ಕಿಲೋದಿಂದ 30ಕ್ಕೆ ಬರಲು ಮೂರೂವರೆಯಿಂದ ಏಳು ತಿಂಗಳು ಹಿಡಿಯುತ್ತದೆ. ಈ ಅವಧಿಯಲ್ಲಿ ಅಜ್ಜಿಯ ಕೈ ಕಟ್ಟಿಹಾಕುವುದು ಯಾರಿಂದಲೂ ಆಗದ ಕೆಲಸ. ಅದಕ್ಕೊಂದು ಉಪಾಯವಿದೆ. ಬೆಳಗ್ಗೆಯೇ ನಾಯಿಯ ದಿನದ ಪಾಲನ್ನು ಅಳೆದು, ಅದರಲ್ಲಿ ಹತ್ತನೇ ಒಂದು ಭಾಗವನ್ನು ಒಂದು ಡಬ್ಬಿಗೆ ಹಾಕಿ ಅಜ್ಜಿಗೆ ಒಪ್ಪಿಸುವುದು. ಯಾರೇ ಏನೇ ಕೊಡಬೇಕೆಂದರೂ ಆ ಡಬ್ಬಿಯಿಂದಲೇ. ಡಬ್ಬಿ ಖಾಲಿಯಾದರೆ ಅಂದಿನ ಕೈಧಾರಾಳ ಮುಗಿಯಿತು. ತೂಕ ನೋಡುವುದಕ್ಕೆ ಊರಿನಲ್ಲಿ ಪಶು ಆಸ್ಪತ್ರೆಯ ಯಂತ್ರವಿಲ್ಲದಿದ್ದರೆ, ದೊಡ್ಡ ನಾಯಿಗೆ ಅಕ್ಕಿ ಗಿರಣಿಯ ತೂಕದ ಯಂತ್ರವೂ ಆದೀತು. ಸಣ್ಣ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು, ಕಳೆದರೆ ಆಯಿತು.

ದಾರಿಯ ವಿಷಯ ಚಿಕ್ಕದು. ಮೊದಲು ವೈದ್ಯರು ಎದೆ ನೋಡಲಿ. ಬೊಜ್ಜಿನ ನಾಯಿಯನ್ನು ಮೊದಲ ದಿನವೇ ಮೈದಾನದಲ್ಲಿ ಚೆಂಡಿನ ಹಿಂದೆ ಓಡಿಸುವುದು ಹುಡುಗರಿಗೆ ಖುಷಿ, ನಾಯಿಗೆ ಅಪಾಯ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ. ಮೈಯ ಬಿಸಿಯನ್ನೆಲ್ಲ ತೇಕುತ್ತಲೇ ಹೊರಹಾಕಬೇಕು. ಮೇಲೆ ಕೊಬ್ಬಿನ ಕಂಬಳಿ ಬೇರೆ. ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಬೇಸಿಗೆಯಲ್ಲಿ ಹೊತ್ತು ಏರುವ ಮುಂಚೆಯೇ ಮುಗಿಸಿಬಿಡಬೇಕು. ಹತ್ತು ನಿಮಿಷದ ನಿಧಾನ ನಡಿಗೆಯಿಂದ ಶುರುಮಾಡಿ ಬೆಳೆಸಿದರೆ ಸಾಕು. ಹಗ್ಗದ ಇನ್ನೊಂದು ತುದಿಯಲ್ಲಿರುವ ಹೃದಯಕ್ಕೂ ಇದರಿಂದ ನಷ್ಟವಿಲ್ಲ. ಸ್ವೀಡನ್ನಿನಲ್ಲಿ 34 ಲಕ್ಷ ಜನರ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಟಿಯಾಗಿರುವವರ ಪೈಕಿ ನಾಯಿ ಸಾಕಿದವರ ಸಾವಿನ ಸಂಭವ ಶೇ 33ರಷ್ಟು ಕಡಿಮೆ ಕಂಡಿತು. ನಡೆಯಲು ಶಕ್ತಿಯಿರುವವರೇ ನಾಯಿ ಸಾಕುತ್ತಾರೋ, ನಾಯಿಯೇ ನಡೆಸುತ್ತದೋ ಎಂಬುದು ಆ ಅಂಕಿಯಿಂದ ತೀರ್ಮಾನವಾಗುವುದಿಲ್ಲ.

ಒಂದು ಎಚ್ಚರಿಕೆ ಉಳಿದಿದೆ. ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಲಾರಂಭಿಸಿದ ನಾಯಿಯ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಆ ಹಂತದಲ್ಲಿ ಸೊರಗುವುದೇ ದೊಡ್ಡ ಭಯ. ತೂಕ ಉಳಿಸಿಕೊಂಡ ನಾಯಿಗಳು ಹೆಚ್ಚು ಕಾಲ ಬದುಕಿದ್ದು ಕಂಡುಬಂದಿದೆ. ಆಗ ಇಳಿಸುವ ಮಾತು ಬಿಟ್ಟು, ಉಪ್ಪು ಕಡಿಮೆ ಮಾಡಿ, ಏನಾದರೂ ತಿನ್ನಿಸಿ ಎಂದು ವೈದ್ಯರೇ ಹೇಳುತ್ತಾರೆ. ಆದ್ದರಿಂದ ಇಳಿಸುವುದಿದ್ದರೆ ಅದಕ್ಕೆ ಮುಂಚೆಯೇ ಇಳಿಸಬೇಕು.

ಆ ಹಂತ ಹತ್ತಿರವಾಗುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ, ಅಷ್ಟೆ. ನಾಯಿ ಗಾಢವಾಗಿ ಮಲಗಿರುವಾಗ ಎದೆ ಒಮ್ಮೆ ಏರಿ ಇಳಿದರೆ ಒಂದು ಎಂದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಬೇಕು. ಕನಸು ಕಾಣುತ್ತ ಕಾಲು ಆಡಿಸುತ್ತಿದ್ದರೆ ಆ ಎಣಿಕೆಯನ್ನು ಬಿಡಬೇಕು. ನಿಮಿಷಕ್ಕೆ 30ರ ಒಳಗಿದ್ದರೆ ಚಿಂತೆಯಿಲ್ಲ. ದಾಟಿದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಎಣಿಸಿ, ಮತ್ತೆ ಹೆಚ್ಚೇ ಬಂದರೆ ವೈದ್ಯರಿಗೆ ತಿಳಿಸಬೇಕು. ಉಸಿರಿಗೆ ಒದ್ದಾಡುತ್ತಿದ್ದರೆ ಬೆಳಗಾಗುವವರೆಗೆ ಕಾಯಬಾರದು. ರಾತ್ರಿ ಪರೀಕ್ಷೆಗೆ ಓದುತ್ತ ಕೂತ ಹುಡುಗಿಯ ಕಾಲ ಬಳಿಯಲ್ಲೇ ಹೇಗೂ ಅದು ಮಲಗಿರುತ್ತದೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಡಬಹುದು. 'ನಾಯಿ ಚೆನ್ನಾಗೇ ಇತ್ತು ಡಾಕ್ಟ್ರೇ' ಎಂಬ ಮಾತಿಗಿಂತ 18, 20, 19, 26, 34 ಎಂದು ಬರೆದ ಆ ಒಂದು ಸಾಲು ವೈದ್ಯರಿಗೆ ಹೆಚ್ಚು ಹೇಳುತ್ತದೆ.